ವಿಮಾನದಲ್ಲೊಂದು ಹುಳದ ಮನೆ

ಗೆಳೆಯರೇ, ಇವತ್ತು ದೆಹಲಿಗೆ ಹೊರಟ ನಮ್ಮ ವಿಮಾನ ಬಾಗಿಲು ಹಾಕಿಕೊಂಡು ಮೂರು ಗಂಟೆ ನೆಲದ ಮೇಲೇ ನಿಂತಿತ್ತು. ಮುಂದಿನ ಸೀಟಿನ ಕೋಟುಧಾರಿಯೊಬ್ಬರು ಎದ್ದು ನಿಂತು, “ನಮ್ಮನ್ನ ಇಳಿಸ್ರೀ!” ಎಂದು ಗಗನಸಖಿಯ ಮೇಲೆ ಕೂಗಾಡಿದರು. ಪಾಪ, ಆ ಹುಡುಗಿಯ ಕಣ್ಣು ತುಂಬಿತ್ತು.

ನನ್ನ ಪಕ್ಕದಲ್ಲಿ ನಮ್ಮತ್ತೆ. ಕನಕಪುರದಲ್ಲಿ ರೇಷ್ಮೆ ಹುಳ ಸಾಕುವವರು. “ಹಸ್ದಿದ್ರೆ ಹುಳನೂ ಹಿಂಗೇ ಕತ್ತೆತ್ಕಂಡು ಆಡ್ತದೆ ಕಣಪ್ಪ,” ಎಂದು ನನಗೆ ಹೇಳಿ, ಕೋಡುಬಳೆ ಡಬ್ಬ ಬಿಚ್ಚಿ ಆ ಕೋಟುಧಾರಿಯ ಮುಂದೆ ಹಿಡಿದರು.

“ತಕಳಿ ಸಾಮಿ, ಒಸಿ ತಿನ್ನಿ.”

ಅವರು ಮುಖ ಗಂಟು ಹಾಕಿಕೊಂಡೇ ಒಂದು ತೆಗೆದುಕೊಂಡರು. ಆಮೇಲೆ ಕೂತು ಇನ್ನೆರಡು. ಡಬ್ಬ ಗಗನಸಖಿಯ ಕೈ ದಾಟಿ ಹಿಂದಿನ ಸಾಲುಗಳಿಗೂ ಹೋಯಿತು. ಸ್ವಲ್ಪ ಹೊತ್ತಿನಲ್ಲೇ ಸುತ್ತ ಬರೀ ಕುರುಂಕುರುಂ.

ಅತ್ತೆ ಕಣ್ಣು ಮುಚ್ಚಿ ಕೇಳಿಸಿಕೊಂಡರು. “ಹುಳ ಸೊಪ್ಪು ಮೇಯೋ ಸದ್ದು ಬಂತು. ಇನ್ನು ಗೂಡಿನ ಬೆಳೆಗೆ ಮೋಸ ಇಲ್ಲ ಬುಡು.”