ತಟ್ಟೆಯಲ್ಲಿ ಎರಡು ಸೀಬೆಹಣ್ಣು

ಬೆಳ್ಳಂದೂರಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಓನರ್ ಆಂಟಿ ಯಾರ ಪಾತ್ರೆಯನ್ನೂ ಖಾಲಿಯಾಗಿ ಹಿಂದಿರುಗಿಸಿದವರಲ್ಲ. ನಾನು ಪಾಯಸ ಕೊಟ್ಟ ಬಟ್ಟಲಲ್ಲಿ ಕರಿಬೇವು ಬರುತ್ತಿತ್ತು. ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆಯಾದರೂ ಇರುತ್ತಿತ್ತು. “ಅಂಗೆಲ್ಲಾ ಬರೀದು ಕಳಿಸ್ಬಾರ್ದು ಕಣಮ್ಮ” ಎನ್ನುತ್ತಾ ಬಟ್ಟಲನ್ನು ಸೆರಗಿನಿಂದ ಒರೆಸಿ ಕೊಡುತ್ತಿದ್ದರು.

ಒಮ್ಮೆ ಹೊಸಕೋಟೆಯಲ್ಲಿದ್ದ ಅವರ ತಂಗಿಯ ಮನೆಯಿಂದ ನಾವಿಬ್ಬರೂ ಬರುವಾಗ, ದಾರಿಯಲ್ಲಿ ವೈಟ್‌ಫೀಲ್ಡಿನ ಪಂಚತಾರಾ ಹೋಟೆಲಿಗೆ ಟೀ ಕುಡಿಯಲು ಕರೆದೊಯ್ದೆ. ಮೂರಂತಸ್ತಿನ ತಟ್ಟೆಯಲ್ಲಿ ಪುಟ್ಟ ಪುಟ್ಟ ಕೇಕು, ಸ್ಯಾಂಡ್‌ವಿಚ್ಚು ಬಂದವು. ಆಂಟಿ ನಿಧಾನವಾಗಿ, ಒಂದನ್ನೂ ಬಿಡದೆ ಸವಿದರು. ವೇಟರ್ ತಟ್ಟೆ ಎತ್ತಲು ಬಂದಾಗ, “ಇರಪ್ಪಾ” ಎಂದು ಚೀಲಕ್ಕೆ ಕೈಹಾಕಿ, ತಂಗಿ ಕೊಟ್ಟಿದ್ದ ಎರಡು ಸೀಬೆಹಣ್ಣನ್ನು ಅದರ ಮೇಲಿಟ್ಟರು.

“ಆಂಟಿ, ಇದು ಹೋಟ್ಲು!” ಎಂದು ಪಿಸುಗುಟ್ಟಿದೆ.

“ಆದ್ರೇನು? ಅವ್ರು ಕೊಟ್ಟಿದ್ದು ತಿಂದಿಲ್ವಾ ನಾವು?”

ವೇಟರ್ ಹಣ್ಣು ಉರುಳದಂತೆ ಎರಡೂ ಕೈಯಲ್ಲಿ ತಟ್ಟೆ ಹಿಡಿದು ಮೆಲ್ಲಗೆ ನಡೆದುಹೋದ.

ನಾನು ಮನೆ ಬಿಡುವ ದಿನ ಆಂಟಿ ಸ್ಟೀಲ್ ಡಬ್ಬಿಯ ತುಂಬ ಚಟ್ನಿಪುಡಿ ಕೊಟ್ಟು, “ಡಬ್ಬಿ ಕೊಡೋ ನೆಪದಲ್ಲಾದ್ರೂ ಬಾ” ಎಂದರು. ಪುಡಿ ಮುಗಿಯುವ ಮೊದಲೇ ಅವರು ಹೋಗಿಬಿಟ್ಟರು. ಡಬ್ಬಿ ತೊಳೆದು, ಒರೆಸಿ, ಸಕ್ಕರೆ ತುಂಬಿಟ್ಟಿದ್ದೇನೆ. ಯಾರ ಕೈಗೆ ಕೊಡಲಿ?