ದೇವರ ಫೋಟೊ ಹಿಂದಿನ ಪಾಲಿಸಿ

"ಹೆದರ್ಕೋಬೇಡಿ ಅಜ್ಜಾ, ಇನ್ಶೂರೆನ್ಸ್ ಐತೆ!"

ನನ್ನ ಕಾರು ತಾಗಿ ರಸ್ತೆ ಪಕ್ಕ ಬಿದ್ದಿದ್ದ ಮನುಷ್ಯನಿಗೆ ನಾನು ಹೇಳಿದ ಮೊದಲ ಮಾತು ಇದು. ಪೆಟ್ಟಾಯಿತಾ ಅಂತ ಆಮೇಲೆ ಕೇಳಿದೆ. (ಬೈಯಬೇಡಿ, ಗಾಬರಿಯಲ್ಲಿ ಬಾಯಿಗೆ ಬಂದದ್ದು ಅದೇ.)

ಕಳೆದ ಭಾನುವಾರ. ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆ ಹೋಗಿ, ಹೋಳಿಗೆ ಊಟ ಮುಗಿಸಿ, ಮೊಳಕಾಲ್ಮುರು ಕಡೆಯ ಸಿದ್ದಾಪುರದಿಂದ ಚಳ್ಳಕೆರೆಗೆ ಹೊರಟಿದ್ದೆ. ಕಾರು ಹೊಸದು. ಅಂದರೆ ನನಗೆ ಹೊಸದು, ಅದಕ್ಕೆ ನಾನು ಎರಡನೇ ಓನರ್. ಊರಾಚೆ ತಿರುವಿನಲ್ಲಿ ಕುರಿಹಿಂಡು ಅಡ್ಡ ಬಂತು. ಬ್ರೇಕ್ ಒತ್ತಿದೆ. ಬಂಪರ್ ಬಂಡೆಗೆ ಗುದ್ದಿತು. ಕುರಿ ಹಿಂದಿದ್ದ ಅಜ್ಜ ಕಾರಿನ ಬದಿ ತಾಗಿ ಬಿದ್ದರು.

ಹೆಸರು ಬೋರಯ್ಯ. ಎದ್ದು ಪಂಚೆ ಕೊಡವಿಕೊಂಡರು.

"ನನಗೇನಾಗೈತೆ? ಮರಿ ಕಾಲು ನೋಡವ್ವ ಮೊದ್ಲು!"

ಮರಿ ಚೆನ್ನಾಗಿತ್ತು. ಆಸ್ಪತ್ರೆಗೆ ಹೋಗೋಣ ಬನ್ನಿ ಎಂದೆ. "ಕುರಿ ಯಾರು ಕಾಯ್ತಾರೆ, ನೀನು ಕಾಯ್ತೀಯಾ?" ಎಂದು ಕೇಳಿ ಹೊರಟೇಬಿಟ್ಟರು. ಒತ್ತಾಯ ಮಾಡಿ ಒಂದು ಚೀಟಿಯಲ್ಲಿ ನನ್ನ ಫೋನ್ ನಂಬರ್ ಬರೆದು ಅವರ ಜೇಬಿಗಿಟ್ಟು ಬಂದೆ. ಆ ರಾತ್ರಿ ನನಗೆ ಸೊಗಸಾದ ನಿದ್ದೆ. ಏನಾದರೂ ಆದರೆ ಇನ್ಶೂರೆನ್ಸ್ ಇದೆಯಲ್ಲ!

ಸೋಮವಾರ ಚಳ್ಳಕೆರೆಯ ನಜೀರ್ ಭಾಯ್ ಗ್ಯಾರೇಜಿಗೆ ಹೋದೆ. ನನ್ನ ಹಳೆಯ ಕಾರಿಗೆ ಹತ್ತು ವರ್ಷ ವೈದ್ಯ ಮಾಡಿದವರು ಅವರೇ. "ಬಂಪರ್ ಹೋಗಿದೆ ಭಾಯ್, ಕ್ಲೇಮ್ ಮಾಡೋಣ" ಎಂದು ಪಾಲಿಸಿ ಕೊಟ್ಟೆ.

ಅವರು ಕಾಗದ ನೋಡಿದರು. ಕಾರಿನ ನಂಬರ್ ನೋಡಿದರು. ಮತ್ತೆ ಕಾಗದ ನೋಡಿದರು.

"ಅರೆ ಮೇಡಂ, ಇದು ಹಳೇ ಗಾಡೀದು!"

"ಆದರೆ ನನ್ನ ಹೆಸರಿದೆಯಲ್ಲ?"

"ಹೆಸರು ಐತೆ. ಗಾಡಿ ಎಲ್ಲೈತೆ?"

ಗಾಡಿ ಪರಶುರಾಂಪುರದಲ್ಲಿತ್ತು. ಪರಿಚಯದ ಈರುಳ್ಳಿ ಬೆಳೆಗಾರರೊಬ್ಬರಿಗೆ ಹದಿನೈದು ದಿನದ ಹಿಂದೆ ಮಾರಿದ್ದೆ. ಕಾರು ಕೊಟ್ಟರೂ ಮನೆದೇವರ ಫೋಟೊ ಕೊಡಬಾರದು, ಕೊಟ್ಟರೆ ದೇವರನ್ನೇ ಮಾರಿದ ಹಾಗೆ ಅನ್ನುವುದು ನಮ್ಮ ಮನೆಯ ಪದ್ಧತಿ. ಡ್ಯಾಶ್‌ಬೋರ್ಡಿನಿಂದ ಬಿಡಿಸಿ ತಂದು ಭಕ್ತಿಯಿಂದ ಈ ಕಾರಿಗೆ ಅಂಟಿಸಿದ್ದೆ. ಅದರ ಹಿಂದೆ ಪ್ಲಾಸ್ಟಿಕ್ ಕವರಿನಲ್ಲಿ ಸಿಕ್ಕಿಸಿದ್ದ ಪಾಲಿಸಿಯೂ ದೇವರ ಜೊತೆಗೇ ಬಂದಿತ್ತು. ಈ ಕಾರು ಮಾರಿದ ಮೊಳಕಾಲ್ಮುರಿನವರು ನೆಟ್ಟಗೇ ಹೇಳಿದ್ದರು: "ಇನ್ಶೂರೆನ್ಸ್ ಮುಗಿದೈತೆ, ಮಾಡಿಸ್ಕೊಳ್ರಿ." ನಾನು ಕೇಳಬೇಕಲ್ಲ! "ನಂದು ಇನ್ನೂ ಏಳು ತಿಂಗಳಿದೆ" ಎಂದು ಜಂಬದಿಂದ ಹೇಳಿದ್ದೆ. ಕಾಲೇಜಿನಲ್ಲಿ ಪಾಠ ಮಾಡುವವಳ ಬುದ್ಧಿವಂತಿಕೆ ಇದು.

ನಜೀರ್ ಭಾಯ್ ಸ್ಪ್ಯಾನರ್ ಕೆಳಗಿಟ್ಟು ನನಗೇ ಪಾಠ ಮಾಡಿದರು. "ಪಾಲಿಸಿ ಗಾಡಿ ಜೊತೆ ಹೋಗ್ತೈತೆ ಮೇಡಂ. ಅದನ್ನ ಪರಶುರಾಂಪುರದೋರ ಹೆಸರಿಗೆ ಮಾಡಿಸ್ಬೇಕು, ಆರ್‌ಸೀನೂ. ಇಷ್ಟು ವರ್ಷ ಕ್ಲೇಮ್ ಮಾಡ್ದೆ ಓಡಿಸಿದ್ರಲ್ಲ, ಆ ಬೋನಸ್ ರಿಯಾಯಿತಿ ಮಾತ್ರ ನಿಮ್ದು. ಕಂಪನಿಯಿಂದ ಪತ್ರ ಬರೆಸ್ಕೊಂಡು ಈ ಗಾಡಿಗೆ ಹಾಕಿಸ್ಕೊಳ್ರಿ."

"ಅಂದರೆ ನಿನ್ನೆ ನನ್ನ ಕಾರು ತಾಗಿ ಬಿದ್ದ ಅಜ್ಜನಿಗೆ ಏನಾದರೂ ಆಗಿದ್ದರೆ?"

"ಎಲ್ಲಾ ನಿಮ್ ತಲೆ ಮೇಲೇನೇ. ಖುದಾ ಕಾಪಾಡ್ದ ಅಂದ್ಕೊಳ್ರಿ."

ಅಂದೇ ಹಳೆಯ ಪಾಲಿಸಿಯ ಹೆಸರು ಬದಲಿಸಲೂ ಈ ಕಾರಿಗೆ ಹೊಸದು ಮಾಡಿಸಲೂ ಅರ್ಜಿ ಹಾಕಿದೆ. ಕಂಪನಿಯವರು ಬಂದು ಕಾರಿನ ಫೋಟೊ ತೆಗೆದುಕೊಂಡು ಹೋದರು. ಬುಧವಾರ ಹೊಸ ಪಾಲಿಸಿ ಬಂತು, ಬೋನಸ್ ಸಮೇತ. ಆದರೆ ಬುಧವಾರದ ಪಾಲಿಸಿ ಭಾನುವಾರದ ಪೆಟ್ಟಿಗೆ ಬರುತ್ತದೆಯೇ? ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದಾಗಲೆಲ್ಲ ಅಜ್ಜನ ಮನೆಯವರೇ ಅಂದುಕೊಳ್ಳುತ್ತಿದ್ದೆ. ಅಜ್ಜನಿಗೆ ಒಳಪೆಟ್ಟಾಗಿದ್ದರೆ? ಮೂಳೆ ಬಿರುಕು ಬಿಟ್ಟಿದ್ದರೆ?

ತಡೆಯಲಾರದೆ ಗುರುವಾರ ಕಾಲೇಜು ಮುಗಿಸಿ ಸಿದ್ದಾಪುರಕ್ಕೆ ಹೋದೆ. ಬೋರಯ್ಯನ ಮನೆ ಯಾವುದು ಅಂತ ಕೇಳಿದರೆ ಗುಡ್ಡದ ಕಡೆ ಕೈ ತೋರಿಸಿದರು. ನೋಡುತ್ತೇನೆ, ಬಂಡೆಯಿಂದ ಬಂಡೆಗೆ ದಾಟುತ್ತ ಅಜ್ಜ ಕುರಿ ಹೊಡೆದುಕೊಂಡು ಇಳಿಯುತ್ತಿದ್ದಾರೆ! ನನಗಿಂತ ಚುರುಕು. ಹೋದ ಜೀವ ಬಂದಂತಾಯಿತು. ಸಂತೋಷಕ್ಕೆ ಕಣ್ಣಲ್ಲಿ ನೀರೇ ಬಂತು.

"ಒಂದು ದಿನ ಮಂಡಿ ಹಿಡ್ಕೊಂಡಿತ್ತು. ಎಣ್ಣೆ ತಿಕ್ಕಿದೆ, ಹೋತು" ಎಂದರು. ನಾನು ಕೊಟ್ಟ ಬಾಳೆಹಣ್ಣಿನಲ್ಲಿ ಒಂದನ್ನು ಕುರಿಮರಿಗೆ ಸುಲಿದು ಕೊಟ್ಟರು. ಆಮೇಲೆ ನನ್ನ ಮುಖ ನೋಡಿ, "ಗುದ್ದಿ ಹೋದೋರು ತಿರುಗಿ ನೋಡಾಕೆ ಬಂದಿದ್ದು ನೀನೇ ಮೊದ್ಲು ಕಣವ್ವ. ಒಳ್ಳೇ ಮನಸು ನಿಂದು" ಎಂದರು.

ದಾರಿಯುದ್ದಕ್ಕೂ ಹಗುರಾಗಿ ಹಾಡು ಗುನುಗುತ್ತಲೇ ಬಂದೆ. ಆದರೆ ಅಜ್ಜನ ಕೊನೆಯ ಮಾತು ಮಾತ್ರ ಇನ್ನೂ ಚುಚ್ಚುತ್ತಿದೆ.

ಭಾನುವಾರ ನನ್ನ ಪಾಲಿಸಿ ಸರಿಯಾಗಿದ್ದಿದ್ದರೆ, ಗುರುವಾರ ನಾನು ಅವರನ್ನು ನೋಡಲು ಹೋಗುತ್ತಿದ್ದೆನೇ?