ಬಾಯಮ್ಮನ ಸ್ವಂತ ಫ್ರಿಜ್

ಮೊನ್ನೆ ಒಂದು ಮದುವೆಮನೆಗೆ ಸೋಡ ಇಳಿಸಲು ಕಾರ್ಕಳಕ್ಕೆ ಹೋಗಿದ್ದೆ. ಪೇಟೆಯಲ್ಲಿ ಕಬ್ಬಿನ ಹಾಲಿನವನು ಮಂಜುಗಡ್ಡೆಗೆ ಸುತ್ತಿದ್ದ ಗೋಣಿಯನ್ನು ಬಿಚ್ಚಿದ. ಒದ್ದೆ ಗೋಣಿಯ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪರ್ಕಳದ ಅಂಗಡಿ ಬಾಯಮ್ಮ ಎದುರು ಬಂದು ನಿಂತ ಹಾಗಾಯಿತು. ಅವರು ತೀರಿಹೋಗಿ ವರ್ಷಗಳಾದವು… ವಾಸನೆಗೆ ಅದೆಲ್ಲ ಎಲ್ಲಿ ಗೊತ್ತು.

ನಾನು ಸೋಡ ಮಾಡುವವನು. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು, ಕಾಪುವಿನಲ್ಲಿ ಮಾವನ ಸೋಡದ ಯಂತ್ರ ತಿರುಗಿಸಲು ನಿಂತೆ. ಆಮೇಲೆ ದುಡಿದು ಆ ಯಂತ್ರವನ್ನೇ ನನ್ನದು ಮಾಡಿಕೊಂಡೆ. ನನ್ನ ಕೈಯ ಸೋಡಕ್ಕೆ ಹೆಸರಿತ್ತು ಎಂದು ನಾನೇ ಹೇಳಿಕೊಂಡರೆ ತಪ್ಪಿಲ್ಲ. ನೀರು ನನ್ನ ಬಾವಿಯದ್ದು. ಬಾಟ್ಲಿ ತೊಳೆಯಲು ಬರುತ್ತಿದ್ದ ಇಬ್ಬರು ಹೆಂಗಸರು ಉಚ್ಚಿಲದವರು. ಕಾಪುವಿನಿಂದ ಹೊರಟು ಉಡುಪಿ, ಮಣಿಪಾಲ ದಾಟಿ ಪರ್ಕಳದವರೆಗೆ ನನ್ನ ಲೈನ್. ಲೈನಿನ ಕೊನೆಯ ಅಂಗಡಿ ಬಾಯಮ್ಮನದ್ದು.

ಗಂಡ ತೀರಿಕೊಂಡಿದ್ದರು, ಒಬ್ಬಳೇ ಮಗಳು ಕುವೈತಿನಲ್ಲಿ ನರ್ಸ್. ನೈಟಿಯ ಹೆಗಲಿಗೊಂದು ಬೈರಾಸು ಟವೆಲು ಹಾಕಿಕೊಂಡು ಬಾಯಮ್ಮ ಬೆಳಿಗ್ಗೆಯೇ ಅಂಗಡಿ ತೆರೆಯುತ್ತಿದ್ದರು. ಬ್ರೆಡ್ಡು, ಬಾಳೆಹಣ್ಣು, ಸೋಪು, ಬೆಂಕಿಪೆಟ್ಟಿಗೆ… ಸಣ್ಣ ಅಂಗಡಿ. ನನ್ನ ಬಾಟ್ಲಿಗಳನ್ನು ಸಿಮೆಂಟಿನ ತೊಟ್ಟಿಯಲ್ಲಿಟ್ಟು ಮೇಲೆ ಒದ್ದೆ ಗೋಣಿ ಹೊದಿಸುತ್ತಿದ್ದರು. ಯಾವ ಸಾಮಾನು ತಂದರೂ ಅವರಿಗೆ ಒಂದು ಪ್ರಶ್ನೆ ಇದ್ದೇ ಇರುತ್ತಿತ್ತು, "ಇದು ಮಾಡಿದ್ದು ಯಾರು ಮಾರಾಯ?" ಗೊತ್ತಿಲ್ಲ ಎಂದರೆ ಮುಖ ಗಂಟಿಕ್ಕುತ್ತಿದ್ದರು.

ಆಗಲೇ ಆ ಉದ್ದದ ಕೆಂಪು ಫ್ರಿಜ್‌ಗಳು ನಮ್ಮ ಕಡೆ ಬಂದವು. ವಿದೇಶಿ ತಂಪು ಪಾನೀಯದ ಕಂಪೆನಿಯವರು ಅಂಗಡಿ ಅಂಗಡಿಗೆ ಪುಕ್ಕಟೆ ಕೊಡುತ್ತಿದ್ದರು. ಶರತ್ತು ಒಂದೇ, ಒಳಗೆ ಬೇರೆ ಯಾರದ್ದೂ ಇಡಬಾರದು. ನನ್ನ ಲೈನಿನ ಅಂಗಡಿಗಳು ಒಂದೊಂದಾಗಿ "ಇನ್ನು ಬೇಡ ಮಾರಾಯ" ಎನ್ನತೊಡಗಿದವು. ಬಾಟ್ಲಿ ತೊಳೆಯಲು ಒಬ್ಬರು ಸಾಕು ಎನ್ನುವಲ್ಲಿಗೆ ಬಂತು. ಇಬ್ಬರಲ್ಲಿ ಯಾರಿಗೆ ನಾಳೆಯಿಂದ ಬರಬೇಡ ಎನ್ನುವುದು? ಆ ಮಾತನ್ನು ಬಾಯಲ್ಲಿಟ್ಟುಕೊಂಡೇ ನಾನು ತಿರುಗುತ್ತಿದ್ದೆ.

ಒಂದು ದಿನ ಪರ್ಕಳಕ್ಕೆ ಹೋದರೆ ಕಂಪೆನಿಯವನು ಬಾಯಮ್ಮನ ಎದುರು ನಿಂತಿದ್ದ.

"ಪೂರಾ ಫ್ರೀ ಅಮ್ಮ. ಒಳಗೆ ನಮ್ಮದು ಮಾತ್ರ ಇಡ್ಬೇಕು, ಅಷ್ಟೇ."

"ನನ್ನ ಮೊಸರು ಇಡ್ಬಹುದಾ?"

"ಇಲ್ಲ ಅಮ್ಮ."

"ಸಂಜೆಗೆ ತಂದ ಬಂಗುಡೆ?"

ಅವನು ನಕ್ಕುಬಿಟ್ಟ. "ಅಯ್ಯೋ, ಮೀನು ಹೇಗೆ ಇಡುದು ಅಮ್ಮ!"

"ಜಾಗ ನಂದು, ಕರೆಂಟು ನಂದು, ನನ್ನ ಬಂಗುಡೆ ಮಾತ್ರ ಹೊರಗೆ. ಒಳ್ಳೆ ನೆಂಟಸ್ತಿಕೆ ಅಲ್ವಾ ಇದು?"

ನನಗೆ ಒಳಗೊಳಗೇ ಖುಷಿ. ಆದರೆ ಯಾರ ಕನಿಕರವೂ ನನಗೆ ಬೇಕಿರಲಿಲ್ಲ. ಅವನು ಹೋದ ಮೇಲೆ ಹೇಳಿದೆ, "ನನ್ನ ಮುಖ ನೋಡಿ ಫ್ರಿಜ್ ಬಿಡ್ಬೇಡಿ ಬಾಯಮ್ಮ. ನಾನು ಬೇಡಿ ತಿನ್ನುವವ ಅಲ್ಲ."

"ನಿನ್ನ ಮುಖ ನೋಡಿದ್ರೆ ಯಾರಾದ್ರೂ ಸೋಡ ಕುಡಿತಾರಾ? ನಾನು ಸೋಡ ನೋಡಿ ಹೇಳ್ತಾ ಇರುದು. ನಿನ್ನ ಬಾಟ್ಲಿ ತೊಳೆದು ಪುನಃ ಬರ್ತದೆ, ಅವನದ್ದು ಕುಡಿದವ ಚರಂಡಿಗೆ ಬಿಸಾಡ್ತಾನೆ. ನಿಂಗೆ ಕೊಟ್ಟ ಹಣ ಉಚ್ಚಿಲದ ಆ ಹೆಂಗಸರ ಒಲೆಗೆ ಹೋಗ್ತದೆ. ಅವನಿಗೆ ಕೊಟ್ಟದ್ದು ಎಲ್ಲಿಗೆ ಹೋಗ್ತದೆ ಅಂತ ಅವನಿಗೇ ಗೊತ್ತಿಲ್ಲ, ಪಾಪ."

ಮಾತೇನೋ ಆಯಿತು. ಆದರೆ ಸುತ್ತಲಿನ ಬಾಡಿಗೆ ರೂಮುಗಳ ಕಾಲೇಜು ಮಕ್ಕಳಿಗೆ ಗೋಣಿಯ ತಂಪು ಸಾಲುತ್ತಿರಲಿಲ್ಲ. ಮಣಿಪಾಲದಿಂದ ಬಸ್ಸಿಳಿದವರು ನೇರ ಪಕ್ಕದ ಅಂಗಡಿಯ ಕೆಂಪು ಫ್ರಿಜ್ಜಿನ ಕಡೆಗೆ ನಡೆಯುತ್ತಿದ್ದರು. ಬಾಯಮ್ಮ ನೋಡುತ್ತ ಕೂರುತ್ತಿದ್ದರು.

ಆ ವರ್ಷ ರಜೆಯಲ್ಲಿ ಬಂದ ಮಗಳು ಅಮ್ಮನಿಗೆ ಬಳೆ ಮಾಡಿಸಬೇಕೆಂದಿದ್ದಳು. "ಬಳೆಯಲ್ಲಿ ಸೋಡ ತಣ್ಣಗಾಗ್ತದಾ?" ಎಂದು ಕೇಳಿ ಬಾಯಮ್ಮ ಅವಳನ್ನು ಉಡುಪಿಗೆ ಎಳೆದುಕೊಂಡು ಹೋದರು. ಮುಂದಿನ ಸಲ ನಾನು ಹೋದಾಗ ಅಂಗಡಿಯಲ್ಲಿ ಬಿಳಿಯ ಫ್ರಿಜ್! ಕಣ್ಣೆತ್ತರಕ್ಕೆ ನನ್ನ ಸೋಡ, ಕೆಳಗೆ ಮೊಸರು, ತಳದಲ್ಲಿ ಮುಚ್ಚಳದ ಡಬ್ಬಿಯಲ್ಲಿ ಬಂಗುಡೆ. ಮೂಲೆಯಲ್ಲಿ ಆ ಕಂಪೆನಿಯ ಬಾಟ್ಲಿಗಳೂ ಇದ್ದವು. ನನಗೆ ಪಿತ್ತ ನೆತ್ತಿಗೇರಿತು.

"ಇದು ಎಂತಕ್ಕೆ ಬಾಯಮ್ಮ?"

"ಬೇಕು ಅಂದವನಿಗೆ ಇಲ್ಲ ಹೇಳಿದ್ರೆ ನಾನೂ ಆ ಕಂಪೆನಿಯವನ ಹಾಗೆಯೇ ಆಗ್ತೇನೆ. ಬಾಗಿಲು ತೆಗೆದವನಿಗೆ ಎರಡೂ ಕಾಣ್ಬೇಕು. ಮತ್ತೆ ನನ್ನ ಬಾಯಿ ಉಂಟಲ್ಲ."

ಆ ಬಾಯಿ ಸುಮ್ಮನಿರುತ್ತಿರಲಿಲ್ಲ. "ಮಗಾ, ಒಮ್ಮೆ ಈ ಶುಂಠಿ ಸೋಡ ಕುಡಿದು ನೋಡು. ಹಿಡಿಸದಿದ್ರೆ ಹಣ ಬೇಡ." ಎಲ್ಲರೂ ನನ್ನದನ್ನೇ ಕುಡಿದರು ಎಂದರೆ ಸುಳ್ಳಾಗುತ್ತದೆ. ಕೆಲವರು ಮುಖ ಹಿಂಡಿದರು. ಕೆಲವರು ಮರುದಿನ ಗೆಳೆಯರನ್ನು ಕಟ್ಟಿಕೊಂಡು ಬಂದರು. ಅಂಗಡಿಯಲ್ಲಿ ಸೋಡದ ಟಪ್ ಎನ್ನುವ ಸದ್ದು ಪುನಃ ಕೇಳತೊಡಗಿತು. ಉಚ್ಚಿಲದ ಇಬ್ಬರೂ ಬರುತ್ತಲೇ ಇದ್ದರು. ಬಾಯಮ್ಮ ಇರುವಷ್ಟು ಕಾಲ ನಾಳೆಯಿಂದ ಬರಬೇಡ ಎನ್ನುವ ಮಾತು ನನ್ನ ಬಾಯಿಂದ ಹೊರಗೆ ಬೀಳಲಿಲ್ಲ…

ಈಗ ಅವರ ಅಂಗಡಿಯಿದ್ದಲ್ಲಿ ಮಾಳಿಗೆ ಕಟ್ಟಡ ಎದ್ದಿದೆ. ನನ್ನ ಲೈನ್ ಉಡುಪಿಗೇ ಮುಗಿಯುತ್ತದೆ. ಬಾಟ್ಲಿ ತೊಳೆಯಲು ಒಬ್ಬರೇ ಬರುತ್ತಾರೆ.

ಮೊನ್ನೆ ಕಾರ್ಕಳದಿಂದ ಬರುವಾಗ ಒಂದು ಕ್ರೇಟು ಉಳಿದಿತ್ತು. ಮನಸ್ಸು ಕೇಳಲಿಲ್ಲ, ಪರ್ಕಳದಲ್ಲಿ ಗಾಡಿ ನಿಲ್ಲಿಸಿ ಆ ಕಟ್ಟಡದ ಕೆಳಗಿನ ಅಂಗಡಿಗೆ ಅದನ್ನು ಹೊತ್ತುಕೊಂಡು ಹೋದೆ. ಕುಳಿತಿದ್ದ ಹುಡುಗ ಮರ್ಯಾದೆಯಿಂದಲೇ ಮಾತಾಡಿದ. "ಫ್ರಿಜ್ ಕಂಪೆನಿದಲ್ವಾ ಅಣ್ಣ, ಎಂತ ಮಾಡುದು? ಯಾರಾದ್ರೂ ಕೇಳಿದ್ರೆ ಹೊರಗಾದ್ರೂ ಇಡ್ತಿದ್ದೆ. ಯಾರೂ ಕೇಳುದಿಲ್ಲ."

ಸಿಟ್ಟು ಬರಲಿಲ್ಲ. ಅವನು ಹೇಳಿದ್ದು ನಿಜ. ಒಳ್ಳೆಯ ಸೋಡ ಮಾಡುವುದು ನನ್ನ ಕೈಯಲ್ಲಿದೆ, ಊರೂರು ಹೊತ್ತು ತಿರುಗುವುದೂ ನನ್ನಿಂದ ಆಗುತ್ತದೆ. ಅಂಗಡಿಯ ಮುಂದೆ ನಿಂತು ಕೇಳುವ ಕೆಲಸ ಮಾತ್ರ ಕೊಳ್ಳುವವರದ್ದು. ಅದನ್ನು ಅವರಿಗೆ ಕಲಿಸುತ್ತಿದ್ದ ಜೀವ ಹೋಯಿತು…

ಕ್ರೇಟನ್ನು ಎತ್ತಿ ಗಾಡಿಗೆ ಹಾಕಿಕೊಂಡೆ. ಪರ್ಕಳದಿಂದ ತುಂಬಿದ ಬಾಟ್ಲಿಗಳನ್ನು ನಾನು ಮನೆಗೆ ವಾಪಸು ತಂದದ್ದು ಅದೇ ಮೊದಲು.